ಲ್ಯಾಪ್‌ಟಾಪ್ ಮುಚ್ಚಿದರೆ ಆಲೆಮನೆ ಲೆಕ್ಕ ಯಾಕೆ ನಿಲ್ಲುತ್ತೆ?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಲಿನಕ್ಸಿನಲ್ಲಿ ನಮ್ಮ ಕಣ್ಣಿಗೆ ಬೀಳದೆ ಹಿಂದೆ ಓಡುತ್ತಿರುವ ಪ್ರೋಗ್ರಾಮುಗಳು, ಅವು ಸಾಯೋದು, ಸಾಯದೇ ಇರೋದು. ಅದಕ್ಕೇ ಒಟ್ಟಿಗೆ ಹಾಕಿದ್ದೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಟೈಪ್ ಮಾಡೋದು ಮಾತ್ರ ಇಂಗ್ಲಿಷಿನಲ್ಲೇ.

ಪ್ರಶ್ನೆ: ಯಾವ ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೂ ನಾನು 'ಕಿಲ್ ಮೈನಸ್ 9' ಹೊಡೆಯುತ್ತೇನೆ, ತಕ್ಷಣ ಹೋಗುತ್ತೆ. ಲ್ಯಾಬಿನಲ್ಲಿ ಸೀನಿಯರ್ ಬೈದರು. ಏನು ತಪ್ಪು?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೈದಿದ್ದು ಸರಿ ಕಣಮ್ಮ. ಓಡುತ್ತಿರುವ ಪ್ರೋಗ್ರಾಮಿಗೆ ಕಳಿಸೋ ನಂಬರಿನ ಸಂದೇಶಕ್ಕೆ ಸಿಗ್ನಲ್ ಅನ್ನುತ್ತಾರೆ. ಸುಮ್ನೆ 'ಕಿಲ್' ಎಂದರೆ ಹೋಗೋದು 15ನೇ ಸಿಗ್ನಲ್, ಅದರ ಹೆಸರು ಟರ್ಮ್. "ಹೊತ್ತಾಯ್ತು, ಅಂಗಡಿ ಮುಚ್ಚಿ" ಅನ್ನೋ ಮಾತು ಅದು. ಪ್ರೋಗ್ರಾಂ ಕೇಳಿಸಿಕೊಂಡು, ಬರೆಯುತ್ತಿದ್ದ ಫೈಲ್ ಮುಗಿಸಿ, ಲಾಕ್ ಫೈಲ್ (ನಾನು ಓಡುತ್ತಿದ್ದೇನೆ ಅಂತ ಇಟ್ಟ ಗುರುತು) ಇದ್ದರೆ ಅಳಿಸಿ ಹೊರಡಬಹುದು. 9 ಹಾಗಲ್ಲ. ಅದು ಪ್ರೋಗ್ರಾಮಿನ ಕಿವಿಗೇ ಬೀಳೋದಿಲ್ಲ, ಲಿನಕ್ಸಿನ ತಿರುಳಾದ ಕರ್ನಲ್ಲೇ ಎತ್ತಿ ಆಚೆ ಹಾಕುತ್ತೆ. ಅರ್ಧ ಬರೆದ ಫೈಲ್ ಅರ್ಧಕ್ಕೇ ಉಳಿಯುತ್ತೆ. ಮೊದಲು 15 ಕಳಿಸಿ, ಹತ್ತು ಸೆಕೆಂಡ್ ಕಾಯಿರಿ, ಹೋಗದಿದ್ದರೆ ಆಮೇಲೆ 9. ಓಡುತ್ತಿರುವುದನ್ನೆಲ್ಲ ತೋರಿಸೋ 'ಪಿಎಸ್' ಕಮಾಂಡಿನ ಪಟ್ಟಿಯಲ್ಲಿ ಸ್ಥಿತಿಯ ಕಡೆ 'ಡಿ' ಅಕ್ಷರ ಕಂಡರೆ ಮಾತ್ರ 9ಕ್ಕೂ ಜಗ್ಗೋದಿಲ್ಲ. ಡಿಸ್ಕಿನಿಂದಲೋ ನೆಟ್‌ವರ್ಕ್ ಡ್ರೈವಿನಿಂದಲೋ ಉತ್ತರ ಬರಲಿ ಅಂತ ಕರ್ನಲ್ ಒಳಗೆ ಕೂತಿರುತ್ತೆ, ಅಲ್ಲಿವರೆಗೆ ನೀವೂ ಕೂತಿರಬೇಕು.

ಪ್ರಶ್ನೆ: ಸರ್, ನಮ್ಮದು ಆಲೆಮನೆ. ತೂಕದ ಯಂತ್ರದಿಂದ ಕೇಬಲ್ ಎಳೆದು ಹಳೇ ಕಂಪ್ಯೂಟರಿಗೆ ಹಾಕಿ, ಉಬುಂಟು ಲಿನಕ್ಸಿನಲ್ಲಿ ಪೈಥಾನ್ ಪ್ರೋಗ್ರಾಂ ಬರೆದಿದ್ದೇನೆ, ಯಾವ ಗಾಡಿಯಲ್ಲಿ ಎಷ್ಟು ಕಬ್ಬು ಬಂತು ಅಂತ ಲೆಕ್ಕ ಇಡೋಕೆ. ನಾನಿರೋದು ಮೈಸೂರಿನ ರೂಮಿನಲ್ಲಿ. ಇಲ್ಲಿಂದ ಎಸ್ಎಸ್ಎಚ್ ಮಾಡಿ (ದೂರದಿಂದಲೇ ಲಾಗಿನ್ ಆಗಿ), ಕಮಾಂಡಿನ ಕೊನೆಗೆ ಆಂಪರ್‌ಸ್ಯಾಂಡ್ (&) ಹಾಕಿ ಬಿಡುತ್ತಿದ್ದೆ. ಲ್ಯಾಪ್‌ಟಾಪ್ ಮುಚ್ಚಿದರೆ ಕೆಲವು ಸಲ ನಿಲ್ಲುತ್ತಿತ್ತು, ಕೆಲವು ಸಲ ಇಲ್ಲ. ಸ್ನೇಹಿತ ಹೇಳಿದ ಅಂತ ಕಮಾಂಡಿನ ಮುಂದೆ 'ನೋಹಪ್' ಹಾಕಿದೆ. ಈಗ ನಿಲ್ಲೋದಿಲ್ಲ, ಆದರೆ ಕರೆಂಟ್ ಹೋಗಿ ಬಂದರೆ ಶುರುವಾಗಲ್ಲ. ಮೊನ್ನೆ ತಾನಾಗೇ ಸತ್ತು ಬಿದ್ದಿತ್ತು, ಅಪ್ಪ ನೋಡಿದ್ದು ಸಾಯಂಕಾಲ. ಪ್ರೋಗ್ರಾಂ ಬರೆದದ್ದು ಬೀಳೋ ನೋಹಪ್ ಔಟ್ ಫೈಲ್ ನೋಡಿದರೆ ಖಾಲಿ!
— ಓದುಗ, ಪಾಂಡವಪುರ ತಾಲ್ಲೂಕು (ಹೆಸರು ಬೇಡ ಎಂದಿದ್ದಾರೆ, ಅಪ್ಪ ಪತ್ರಿಕೆ ಓದುತ್ತಾರಂತೆ)

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇವೆ.

ಮೊದಲು ಆ "ಕೆಲವು ಸಲ". ಹಳೇ ಕಾಲದಲ್ಲಿ ಟರ್ಮಿನಲ್ಲು ಟೆಲಿಫೋನ್ ಲೈನಿನ ಮೇಲೆ ಮೋಡೆಮ್ ಮೂಲಕ ಬರುತ್ತಿತ್ತು. ಆ ಕಡೆಯವರು ಫೋನ್ ಇಟ್ಟರೆ ಈ ಕಡೆಯ ಪ್ರೋಗ್ರಾಮುಗಳಿಗೆ 1ನೇ ಸಿಗ್ನಲ್ ಹೋಗುತ್ತಿತ್ತು. ಅದೇ ಹ್ಯಾಂಗಪ್, ಫೋನ್ ಇಟ್ಟರು ಅಂತ. ಮೋಡೆಮ್ ಹೋಯ್ತು, ಸಿಗ್ನಲ್ ಉಳಿಯಿತು. ನೀವು ಕ್ರಮವಾಗಿ 'ಎಕ್ಸಿಟ್' ಅಂತ ಹೊಡೆದು ಹೊರಬಂದರೆ ಬ್ಯಾಶ್, ಅಂದರೆ ನೀವು ಹೊಡೆದ ಕಮಾಂಡನ್ನು ಓಡಿಸೋ ಪ್ರೋಗ್ರಾಂ, ಸಾಮಾನ್ಯವಾಗಿ ಹಿಂದೆ ಓಡುತ್ತಿರುವುದರ ತಂಟೆಗೆ ಹೋಗೋದಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಟ್ಟರೆ ಸಂಪರ್ಕವೇ ಕಡಿದು, ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯ ಕಂಪ್ಯೂಟರಿಗೆ ಅದು ಗೊತ್ತಾಗಿ, ಬ್ಯಾಶ್‌ಗೆ ಹ್ಯಾಂಗಪ್ ಬಂದು, ಬ್ಯಾಶ್ ಅದನ್ನೇ ನಿಮ್ಮ ಪ್ರೋಗ್ರಾಮಿಗೂ ದಾಟಿಸುತ್ತೆ. ಆಂಪರ್‌ಸ್ಯಾಂಡ್ ಮಾಡೋದು ಇಷ್ಟೇ, ಮುಂದಿನ ಕಮಾಂಡ್ ಹೊಡೆಯೋಕೆ ಪ್ರಾಂಪ್ಟ್ ವಾಪಸ್ ಕೊಡೋದು. ಅದು ಯಾರನ್ನೂ ಕಾಪಾಡೋದಿಲ್ಲ. ನೋಹಪ್ ಆ ಒಂದನೇ ಸಿಗ್ನಲ್ ಕಿವಿಗೆ ಹಾಕಿಕೊಳ್ಳಬೇಡ ಅಂತ ಹೇಳಿ ಕಳಿಸುತ್ತೆ, ಅದಕ್ಕೇ ಬದುಕಿತು.

ಫೈಲ್ ಖಾಲಿ ಇದ್ದಿದ್ದು ನೋಹಪ್ ತಪ್ಪಲ್ಲ, ಪೈಥಾನಿನ ಜಿಪುಣತನ. ಎದುರಿಗೆ ಟರ್ಮಿನಲ್ ಇದ್ದರೆ ಸಾಲು ಸಾಲಾಗಿ ಬರೆಯುತ್ತೆ. ಫೈಲಿಗೆ ಹೋಗುತ್ತಿದೆ ಅಂತ ಗೊತ್ತಾದರೆ ಕೆಲವು ಸಾವಿರ ಅಕ್ಷರ ಸೇರಲಿ ಅಂತ ಕೈಯಲ್ಲೇ ಇಟ್ಟುಕೊಳ್ಳುತ್ತೆ. ಸಿಗ್ನಲ್ ಬಿದ್ದು ಸತ್ತರೆ ಆ ಕೈಯಲ್ಲಿದ್ದದ್ದೂ ಅದರ ಜೊತೆಗೇ ಹೋಯ್ತು. ಕಮಾಂಡಿನಲ್ಲಿ ಪೈಥಾನ್ ಅನ್ನೋ ಪದ ಆದ ಮೇಲೆ 'ಮೈನಸ್ ಯು' ಸೇರಿಸಿ, ಬಂದದ್ದು ಬಂದಂತೆ ಬರೆಯುತ್ತೆ.

ಈಗ ಮುಖ್ಯವಾದದ್ದು. ಪ್ರೋಗ್ರಾಮನ್ನು ಹಿಂದಕ್ಕೆ ತಳ್ಳೋದು ಬೇರೆ, ಅದನ್ನು ನೋಡಿಕೊಳ್ಳೋದು ಬೇರೆ. ನೋಹಪ್ ಮೊದಲನೆಯದಕ್ಕೆ ಸಾಕು. ಎರಡನೆಯದಕ್ಕೆ ನಿಮ್ಮ ಗದ್ದೆಯಲ್ಲೇ ಉದಾಹರಣೆ ಇದೆ. ರಾತ್ರಿ ಯಾವ ಹೊತ್ತಿಗೋ ತ್ರೀ ಫೇಸ್ ಕರೆಂಟ್ ಬರುತ್ತೆ, ಎದ್ದು ಹೋಗಿ ಮೋಟರ್ ಹಾಕೋರು ಯಾರು ಅಂತ ಆಟೋ ಸ್ಟಾರ್ಟರ್ ಇಟ್ಟಿರುತ್ತೀರಿ ಅಲ್ವಾ? ಉಬುಂಟುವಿನಲ್ಲಿ ಆ ಡಬ್ಬಿಯ ಹೆಸರು ಸಿಸ್ಟಮ್‌ಡಿ. 2010ರಲ್ಲಿ ಬಂತು, ಉಬುಂಟು 15.04ರಿಂದ ಮೊದಲೇ ಇರುತ್ತೆ, ನೀವು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

'ಇಟಿಸಿ' ಒಳಗೆ 'ಸಿಸ್ಟಮ್‌ಡಿ', ಅದರೊಳಗೆ 'ಸಿಸ್ಟಮ್' ಫೋಲ್ಡರ್. ಅಲ್ಲಿ 'ತೂಕ ಡಾಟ್ ಸರ್ವಿಸ್' ಅಂತ ಒಂದು ಸಣ್ಣ ಫೈಲ್ ಮಾಡಿ. ಅದರ ಸರ್ವಿಸ್ ಭಾಗದ 'ಎಕ್ಸೆಕ್‌ಸ್ಟಾರ್ಟ್' ಸಾಲಿನಲ್ಲಿ ಪೈಥಾನಿನ ಪೂರ್ತಿ ದಾರಿ, ಮೈನಸ್ ಯು, ನಿಮ್ಮ ಪ್ರೋಗ್ರಾಮಿನ ಪೂರ್ತಿ ದಾರಿ. 'ವರ್ಕಿಂಗ್‌ಡೈರೆಕ್ಟರಿ' ಸಾಲು ಮರೆಯಬೇಡಿ, ಇಲ್ಲದಿದ್ದರೆ ಲೆಕ್ಕದ ಫೈಲನ್ನು ಎಲ್ಲೋ ಹುಡುಕಬೇಕಾಗುತ್ತೆ. 'ಯೂಸರ್' ಸಾಲಿನಲ್ಲಿ ನಿಮ್ಮ ಯೂಸರ್ ಹೆಸರು, ಹಾಕದಿದ್ದರೆ ಎಲ್ಲ ಅಧಿಕಾರವೂ ಇರುವ ರೂಟ್ ಆಗಿ ಓಡುತ್ತೆ. ಆಮೇಲೆ 'ರೀಸ್ಟಾರ್ಟ್' ಎದುರಿಗೆ 'ಆಲ್ವೇಸ್', 'ರೀಸ್ಟಾರ್ಟ್‌ಸೆಕ್' ಎದುರಿಗೆ 5. ಕೊನೆಗೆ ಇನ್‌ಸ್ಟಾಲ್ ಭಾಗದಲ್ಲಿ 'ವಾಂಟೆಡ್‌ಬೈ', ಎದುರಿಗೆ 'ಮಲ್ಟಿ-ಯೂಸರ್ ಡಾಟ್ ಟಾರ್ಗೆಟ್'. ಫೈಲ್ ಉಳಿಸಿ 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್', ನಂತರ 'ಸಿಸ್ಟಮ್‌ಸಿಟಿಎಲ್ ಎನೇಬಲ್ ಮೈನಸ್ ಮೈನಸ್ ನೌ ತೂಕ'. ಕರೆಂಟ್ ಬಂದು ಕಂಪ್ಯೂಟರ್ ಎದ್ದರೆ ಪ್ರೋಗ್ರಾಮೂ ಏಳುತ್ತೆ. ಕಂಪ್ಯೂಟರೇ ತಾನಾಗಿ ಏಳಬೇಕಾದರೆ ಅದರ ಬಯಾಸ್ ಸೆಟ್ಟಿಂಗಿನಲ್ಲಿ ಕರೆಂಟ್ ಬಂದ ಮೇಲೆ ಆನ್ ಆಗು ಅನ್ನೋ ಆಯ್ಕೆ ಹುಡುಕಿ.

ಆ 5 ಸುಮ್ನೆ ಹೇಳಿದ್ದಲ್ಲ. ಬಾವಿಯಲ್ಲಿ ನೀರಿಲ್ಲದಿದ್ದರೂ ಆಟೋ ಸ್ಟಾರ್ಟರ್ ಮೋಟರ್ ಎಬ್ಬಿಸುತ್ತಲೇ ಇದ್ದರೆ ಕಾಯಿಲ್ ಸುಟ್ಟುಹೋಗುತ್ತೆ, ಅದಕ್ಕೆ ಡ್ರೈ ರನ್ ಕಟಾಫ್ ಇಡುತ್ತಾರೆ. ಸಿಸ್ಟಮ್‌ಡಿಯಲ್ಲೂ ಅದಿದೆ. ನೀವು ಏನೂ ಹೇಳದಿದ್ದರೆ ಸತ್ತ 100 ಮಿಲಿಸೆಕೆಂಡಿಗೇ ಎಬ್ಬಿಸುತ್ತೆ, 10 ಸೆಕೆಂಡಿನಲ್ಲಿ 5 ಸಲ ಎಬ್ಬಿಸಿಯೂ ಮತ್ತೆ ಬಿದ್ದರೆ ಕೈ ಚೆಲ್ಲಿ ಸುಮ್ಮನಾಗುತ್ತೆ. ತೂಕದ ಯಂತ್ರದ ಕೇಬಲ್ ಯಾರೋ ಕಾಲು ಎಡವಿ ಕಿತ್ತರೆ ಒಂದೇ ನಿಮಿಷದಲ್ಲಿ ಆಟ ಮುಗಿಯಿತು, ಕೇಬಲ್ ವಾಪಸ್ ಹಾಕಿದರೂ ಏಳೋದಿಲ್ಲ. 5 ಸೆಕೆಂಡಿನ ಬಿಡುವು ಕೊಟ್ಟರೆ ಆ ಮಿತಿ ಮುಟ್ಟೋದೇ ಇಲ್ಲ, ಕೇಬಲ್ ಬರೋವರೆಗೂ ಪ್ರಯತ್ನ ಮಾಡುತ್ತಿರುತ್ತೆ. ಹೀಗೆ ನಾನು ಎಲ್ಲರಿಗೂ ಹೇಳೋದಿಲ್ಲ, ನಿಮ್ಮ ಕೆಲಸಕ್ಕೆ ಇದೇ ಸರಿ.

ತುಂಬಾ ಜನ ಮಾಡೋ ಒಂದು ತಪ್ಪಿದೆ. ಹಳೇ ಅಭ್ಯಾಸದಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಬರೆದು, ಅದರೊಳಗೆ ನೋಹಪ್ಪೂ ಆಂಪರ್‌ಸ್ಯಾಂಡೂ ಹಾಕಿ, ಆ ಸ್ಕ್ರಿಪ್ಟನ್ನು ಸರ್ವಿಸ್ ಫೈಲಿಗೆ ಕೊಡುತ್ತಾರೆ. ಸ್ಕ್ರಿಪ್ಟ್ ಮುಗಿದ ತಕ್ಷಣ ಸಿಸ್ಟಮ್‌ಡಿ "ಕೆಲಸ ಆಯ್ತು" ಅಂದುಕೊಂಡು, ಹಿಂದೆ ಬಿಟ್ಟ ನಿಮ್ಮ ಪ್ರೋಗ್ರಾಮನ್ನೂ ಗುಡಿಸಿ ಹಾಕುತ್ತೆ. ಇಲ್ಲಿ ಪ್ರೋಗ್ರಾಂ ಎದುರಿಗೇ ಓಡಬೇಕು. ಹಿಂದಕ್ಕೆ ತಳ್ಳೋ ಕೆಲಸ ನಿಮ್ಮದಲ್ಲ ಈಗ.

ಇಷ್ಟೆಲ್ಲ ಮಾಡಿದರೂ ಒಂದು ಕಂಡಿ ಉಳಿಯುತ್ತೆ. ಸಿಸ್ಟಮ್‌ಡಿಗೆ ಹೀಗೆ ಗೊತ್ತಾಗೋದು ಪ್ರೋಗ್ರಾಂ ಸತ್ತರೆ ಮಾತ್ರ, ಸುಮ್ನೆ ಕೂತರೆ ಅಲ್ಲ. ಕೇಬಲ್ಲಿನಿಂದ ಅಂಕಿ ಓದೋ ಪೈಥಾನ್ ಲೈಬ್ರರಿ ಪೈಸೀರಿಯಲ್‌ನಲ್ಲಿ ಟೈಮ್‌ಔಟ್ (ಕಾಯುವ ಮಿತಿ) ಕೊಡದಿದ್ದರೆ ಯಂತ್ರದಿಂದ ಅಂಕಿ ಬರೋವರೆಗೆ ಎಷ್ಟು ದಿನ ಬೇಕಾದರೂ ಕಾಯುತ್ತೆ. ಟೈಮ್‌ಔಟ್ ಹಾಕಿ, ಗಾಡಿ ಬರುವ ಹೊತ್ತಿನಲ್ಲಿ ಅರ್ಧ ಗಂಟೆ ಏನೂ ಬರದಿದ್ದರೆ ಪ್ರೋಗ್ರಾಮೇ ತಪ್ಪು ಹೇಳಿ ಸಾಯುವ ಹಾಗೆ ಬರೆಯಿರಿ. ಸಾಯೋಕೆ ಗೊತ್ತಿರೋ ಪ್ರೋಗ್ರಾಮನ್ನು ನೋಡಿಕೊಳ್ಳೋದು ಸುಲಭ. ಯಾಕೆ ಸತ್ತಿತು ಅಂತ ಮೈಸೂರಿನಿಂದಲೇ 'ಜರ್ನಲ್‌ಸಿಟಿಎಲ್ ಮೈನಸ್ ಯು ತೂಕ' ಹೊಡೆದು ಓದಬಹುದು. ಅಪ್ಪ ಸಾಯಂಕಾಲ ಬಂದು ನೋಡಬೇಕಾಗಿಲ್ಲ.

ಪ್ರಶ್ನೆ: 'ಟಾಪ್' ಕಮಾಂಡಿನ ಪಟ್ಟಿಯಲ್ಲಿ ಮೂರು 'ಜೋಂಬಿ' ತೋರಿಸುತ್ತಿದೆ. 9 ಹೊಡೆದರೂ ಹೋಗುತ್ತಿಲ್ಲ. ಮೆಮೊರಿ ತಿನ್ನುತ್ತಿವೆಯಾ?
— ಓದುಗರು, ಮದ್ದೂರು

ಉತ್ತರ: ಸತ್ತದ್ದನ್ನು ಇನ್ನೊಂದು ಸಲ ಸಾಯಿಸೋದು ಹೇಗೆ? ಅವು ಆಗಲೇ ಹೋಗಿವೆ, ಉಳಿದಿರೋದು ಪಟ್ಟಿಯಲ್ಲಿ ಒಂದು ಸಾಲು. ಹುಟ್ಟಿಸಿದ ಪ್ರೋಗ್ರಾಂ, ಅಂದರೆ ಪೇರೆಂಟ್, ಬಂದು "ಹೇಗೆ ಹೋದ?" ಅಂತ ಕೇಳೋವರೆಗೆ ಕರ್ನಲ್ ಆ ಸಾಲನ್ನು ಇಟ್ಟುಕೊಂಡಿರುತ್ತೆ. ಮೂರೇ ಆದರೆ ತಲೆ ಕೆಡಿಸಿಕೊಳ್ಳಬೇಡಿ. ದಿನಾ ಹೆಚ್ಚುತ್ತಿದ್ದರೆ ಪೇರೆಂಟನ್ನು ಹುಡುಕಿ ರೀಸ್ಟಾರ್ಟ್ ಮಾಡಿ. ಅದು ಹೋದರೆ ಇವನ್ನು 1ನೇ ನಂಬರಿನ ಪ್ರೊಸೆಸ್, ಅಂದರೆ ಎಲ್ಲಕ್ಕೂ ಮೊದಲು ಓಡಿದ ಪ್ರೋಗ್ರಾಂ, ದತ್ತು ತೆಗೆದುಕೊಂಡು ಕರ್ಮ ಮುಗಿಸುತ್ತೆ.

ಪ್ರಶ್ನೆ: ನಾನು ಪ್ರತಿ ನಿಮಿಷ ಕ್ರಾನ್‌ನಿಂದ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸೋ ಪ್ರೋಗ್ರಾಂ) ಪಿಎಸ್ ಹೊಡೆದು, ಪದ ಹುಡುಕೋ ಗ್ರೆಪ್‌ನಲ್ಲಿ ಹೆಸರು ಹುಡುಕಿ, ಇಲ್ಲದಿದ್ದರೆ ಶುರು ಮಾಡಿಸುತ್ತೇನೆ. ಪ್ರೋಗ್ರಾಮಿನ ಪ್ರೊಸೆಸ್ ನಂಬರ್ ಬರೆದಿಡೋ ಪಿಐಡಿ ಫೈಲೂ ಇದೆ. ಇದು ಸಾಲದೇ?
— ಅಂಗಡಿ ಮಾಲೀಕರು, ಶ್ರೀರಂಗಪಟ್ಟಣ

ಉತ್ತರ: ಸಾಲುತ್ತೆ, ಕೈ ಕೊಡೋ ದಿನದವರೆಗೆ. ಪಿಎಸ್ ಪಟ್ಟಿಯಲ್ಲಿ ಗ್ರೆಪ್ ತನ್ನನ್ನೇ ತಾನು ಕಾಣುತ್ತೆ, ಯಾಕೆಂದರೆ ಹುಡುಕುವ ಹೆಸರು ಅದರ ಕಮಾಂಡಿನಲ್ಲೂ ಇರುತ್ತೆ. ಪ್ರೋಗ್ರಾಂ ಸತ್ತಿದ್ದರೂ "ಇದೆ ಇದೆ" ಅನ್ನುತ್ತೆ. ನೀವು ಅದೇ ಹೆಸರಿನ ಫೈಲನ್ನು ಎಡಿಟರಿನಲ್ಲಿ ತೆಗೆದಿಟ್ಟಿದ್ದರೂ ಅಷ್ಟೇ.

ಪಿಐಡಿ ಫೈಲ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಮೈಸೂರಿನಲ್ಲೇ ಒಂದು ಕಡೆ ಬಿಲ್ ಕಳಿಸೋ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದೆ. ಅದರ ಫೈಲಿನಲ್ಲಿ 812 ಅಂತ ಬರೆದಿತ್ತು. ಮಳೆಗೆ ಕರೆಂಟ್ ಹೋಗಿ ಕಂಪ್ಯೂಟರ್ ದಢಕ್ಕನೆ ಆಫ್ ಆಯ್ತು, ಫೈಲ್ ಅಳಿಸೋರು ಯಾರೂ ಇರಲಿಲ್ಲ. ಮತ್ತೆ ಎದ್ದಾಗ 812 ನಂಬರ್ ಪ್ರಿಂಟರಿನ ಸರ್ವಿಸಿಗೆ ಸಿಕ್ಕಿತ್ತು. ನನ್ನ ಸ್ಕ್ರಿಪ್ಟ್ ಬಂದು 812 ಬದುಕಿದೆಯಾ ಅಂತ ನೋಡಿತು, ಬದುಕಿದೆ, ಸರಿ ಅಂತ ಹೋಯಿತು. ಪ್ರತಿ ನಿಮಿಷ ಹೀಗೇ, ಎರಡು ದಿನ. ಒಂದು ಬಿಲ್ಲೂ ಹೋಗಲಿಲ್ಲ. ಬೈಗುಳದ ಲೆಕ್ಕ ಕೇಳಬೇಡಿ.

ದಾರಿಹೋಕ ಬಂದು ಇಣುಕಿ ನೋಡೋದಕ್ಕೂ ಹೆತ್ತವರು ನೋಡಿಕೊಳ್ಳೋದಕ್ಕೂ ಇರೋ ವ್ಯತ್ಯಾಸ ಇದು. ಲಿನಕ್ಸಿಗೆ ಮಾದರಿಯಾದ ಯೂನಿಕ್ಸಿನಲ್ಲಿ ಒಂದು ಪ್ರೊಸೆಸ್ ಸತ್ತರೆ ಕರ್ನಲ್ ಸುದ್ದಿ ಮುಟ್ಟಿಸೋದು ಪೇರೆಂಟಿಗೆ, ಅದೂ ಆ ಕ್ಷಣವೇ. ಮೇಲೆ ಮದ್ದೂರಿನವರಿಗೆ ಹೇಳಿದ ಅದೇ ಸಂಬಂಧ. ಸಿಸ್ಟಮ್‌ಡಿ ಆಗಲಿ, ಅದೇ ಥರ ಕಾಯೋ ರನ್ಇಟ್ ಆಗಲಿ, ಸೂಪರ್‌ವೈಸರ್‌ಡಿ ಆಗಲಿ, ತಾವೇ ಹುಟ್ಟಿಸಿ ತಾವೇ ಕಾಯುತ್ತವೆ. ಹಾಗಾಗಿ ಅವಕ್ಕೆ ಹೆಸರು ಹುಡುಕಬೇಕಿಲ್ಲ, ನಂಬರ್ ಬರೆದಿಡಬೇಕಿಲ್ಲ. ಕ್ರಾನ್ ಒಳ್ಳೆಯ ಆಳು, ಹೊತ್ತಿಗೆ ಸರಿಯಾಗಿ ಬರುತ್ತಾನೆ, ರಾತ್ರಿ ಬ್ಯಾಕಪ್ ಅವನಿಗೇ ಕೊಡಿ. ಕಾವಲು ಬೇಡ.

ಪ್ರಶ್ನೆ: ಈ 'ಡೀಮನ್' ಅಂದರೆ ಭೂತವೇ? ಅಂಗಡಿ ಕಂಪ್ಯೂಟರಿನಲ್ಲಿ ಆ ಪದ ನೋಡಿ ನಮ್ಮ ಅತ್ತೆ ನಿಂಬೆಹಣ್ಣು ಇಟ್ಟಿದ್ದಾರೆ.
— ಓದುಗರು, ಮಂಡ್ಯ

ಉತ್ತರ: ಕೆಟ್ಟ ಭೂತ ಅಲ್ಲ ಅಂತ ಅತ್ತೆಗೆ ಹೇಳಿ. 1963ರಲ್ಲಿ ಶುರುವಾದ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಕಂಪ್ಯೂಟರ್ ಸಂಶೋಧನೆ ಪ್ರಾಜೆಕ್ಟ್ ಮ್ಯಾಕ್‌ನವರು ಇಟ್ಟ ಹೆಸರು ಅದು. ಭೌತಶಾಸ್ತ್ರದಲ್ಲಿ ಮ್ಯಾಕ್ಸ್‌ವೆಲ್ ಕಲ್ಪಿಸಿದ ಒಂದು ಪುಟ್ಟ ಜೀವಿ ಇದೆ, ಬಾಗಿಲಲ್ಲಿ ಕೂತು ಅಣುಗಳನ್ನು ಬೇರೆ ಮಾಡುತ್ತಲೇ ಇರುತ್ತೆ. ಹಿಂದೆ ಕೂತು ಬೇಸರವಿಲ್ಲದೆ ಕೆಲಸ ಮಾಡೋ ಪ್ರೋಗ್ರಾಮುಗಳಿಗೆ ಅದರ ಹೆಸರೇ ಇಟ್ಟರು. ನಿಂಬೆಹಣ್ಣು ಇರಲಿ ಬಿಡಿ, ಕೀಬೋರ್ಡಿನ ಮೇಲೆ ಬೇಡ.