ವೆಸ್ಟ್ ಬ್ರಾಂಪ್ಟನ್‌ನಲ್ಲಿ ಇಳಿದ ಶನಿವಾರ

ಪ್ರೀತಿಯ ತಂಗಿ,

ನರ್ಸ್ ಕೆಲಸಕ್ಕೆ ಸೋಮವಾರಪೇಟೆಯಿಂದ ಲಂಡನ್ನಿಗೆ ಬಂದು ಆರು ವಾರ ಆಯಿತು, ಡ್ಯೂಟಿ ಇರುವ ದಿನ ಹೇಗೋ ಕಳೆಯುತ್ತೆ, ರಜೆ ಬಂತೆಂದರೆ ರೂಮಿನ ಗೋಡೆ ನೋಡ್ತಾ ಕೂತಿರ್ತೀನಿ ಅಂತ ಬರೆದಿದ್ದೀಯ. ಹೊರಗೆ ಹೊರಟರೆ ದುಡ್ಡಿನ ಚಿಂತೆ, ದಾರಿ ತಪ್ಪಿದರೆ ಏನು ಗತಿ ಅನ್ನೋ ಭಯ. ಕೊನೆಗೆ ಕೇಳಿದ್ದೀಯ: "ಅಕ್ಕಾ, ಈ ಊರು ಯಾವತ್ತಾದ್ರೂ ನಮ್ದು ಅನ್ನಿಸುತ್ತಾ?"

ಉತ್ತರ ತಡವಾಯಿತು. ನಾನೀಗ ರಜೆಗೆ ಮಡಿಕೇರಿಗೆ ಬಂದಿದ್ದೀನಿ. ಆಟಿ ತಿಂಗಳ ಮಳೆ ಹೇಗಿರುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ. ಎರಡು ದಿನ ಕರೆಂಟಿರಲಿಲ್ಲ, ಫೋನ್ ಚಾರ್ಜ್ ಆದದ್ದು ಇವತ್ತು ಬೆಳಿಗ್ಗೆ. ಅವ್ವ ಒಳಗೆ ಮದ್ದುಸೊಪ್ಪು ಬೇಯಿಸ್ತಾ ಇದ್ದಾಳೆ. ಪಾತ್ರೆಯ ನೀರು ಆಗಲೇ ಕಡು ನೇರಳೆಗೆ ತಿರುಗಿದೆ, ಆ ಪರಿಮಳ ಜಗಲಿವರೆಗೂ ಬರ್ತಾ ಇದೆ. ಅಲ್ಲೇ ಕೂತು ಬರೀತಿದ್ದೀನಿ.

ಅನ್ನಿಸುತ್ತೆ, ತಂಗಿ. ಆದರೆ ರೂಮಿನಲ್ಲಿ ಕೂತರೆ ಅನ್ನಿಸಲ್ಲ. ನನಗೆ ಹಾಗೆ ಅನ್ನಿಸಿದ್ದು 2016ರ ಏಪ್ರಿಲ್ ತಿಂಗಳ ಒಂದು ಶನಿವಾರ. ಅವತ್ತು ನಾವು ಅಂದುಕೊಂಡಿದ್ದ ಒಂದು ಜಾಗವನ್ನೂ ಸರಿಯಾಗಿ ನೋಡಲಿಲ್ಲ.

ಮೊದಲು ದುಡ್ಡಿನ ವಿಷಯ ಹೇಳಿ ಮುಗಿಸ್ತೀನಿ. ಊರು ನೋಡೋಕೆ ಬಸ್ಸೇ ಸಾಕು. ಒಮ್ಮೆ ಕಾರ್ಡ್ ಮುಟ್ಟಿಸಿದ ಮೇಲೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಒಂದೇ ಟಿಕೆಟಿನ ಹಣ ಹೋಗುತ್ತೆ, ಪ್ರತಿ ಬಸ್ಸಲ್ಲೂ ಅದೇ ಕಾರ್ಡ್ ಮುಟ್ಟಿಸಬೇಕು ಅಷ್ಟೆ. ಮೇಲಿನ ಅಂತಸ್ತಿನ ಮುಂದಿನ ಸೀಟು ಸಿಕ್ಕಿದರೆ ಬಿಡಬೇಡ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಇವಕ್ಕೆಲ್ಲ ಪ್ರವೇಶ ಉಚಿತ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊ. ಮಳೆಗಂತೂ ಹೆದರಬೇಡ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳೋದು ಸುಮಾರು 600 ಮಿ.ಮೀ., ಮಡಿಕೇರಿಯಲ್ಲಿ 3,000 ಮಿ.ಮೀ. ದಾಟುತ್ತೆ. ಅಲ್ಲಿಯವರು ಮಳೆ ಅನ್ನೋದನ್ನ ನಾವು ಇಲ್ಲಿ ಬಟ್ಟೆ ಒಳಗೆ ತರೋಕೂ ಲೆಕ್ಕಕ್ಕೆ ತಗೊಳ್ಳಲ್ಲ.

ಆಗ ನಾನು ಬಂದು ಆರು ತಿಂಗಳಾಗಿತ್ತು. ನಮ್ಮ ವಾರ್ಡಿನಲ್ಲೇ ಲವೀನಾ ಅಂತ ಬಂಟ್ವಾಳದವಳು ಇದ್ದಳು. ನೈಟ್ ಡ್ಯೂಟಿಯಲ್ಲಿ ಇಬ್ಬರೂ ಕನ್ನಡದಲ್ಲಿ ಪಿಸುಗುಟ್ಟುತ್ತಾ ಗೆಳತಿಯರಾದವರು. ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದ್ದು ಅದೇ ಮೊದಲು. ಲವೀನಾ ಒಂದು ಚೀಟಿಯಲ್ಲಿ ಗಂಟೆ ಸಮೇತ ಬರೆದಿಟ್ಟಿದ್ದಳು: ಹತ್ತಕ್ಕೆ ಬಿಗ್ ಬೆನ್, ಹನ್ನೊಂದಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆ, ಒಂದಕ್ಕೆ ಊಟ, ಎರಡಕ್ಕೆ ಮ್ಯೂಸಿಯಂ. ನಾನು ಬೆಳಿಗ್ಗೆ ಎದ್ದು ಅಕ್ಕಿರೊಟ್ಟಿ ಸುಟ್ಟು, ಅವ್ವ ಕಳಿಸಿದ್ದ ಕಣಿಲೆ (ಎಳೆ ಬಿದಿರು) ಉಪ್ಪಿನಕಾಯಿ ಹಚ್ಚಿ ಸುತ್ತಿಕೊಂಡಿದ್ದೆ.

ವಾಟರ್‌ಲೂನಲ್ಲಿ ಇಳಿದು ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತಿರ ಬಂದರೆ ದಾರಿ ಬಂದ್. ಯಾವುದೋ ದೊಡ್ಡ ಮೆರವಣಿಗೆ. ಮುಂದಿನ ಸೇತುವೆಗೆ ಹೋಗಿ ಅಂತ ಪೊಲೀಸಿನವನು ಕೈ ತೋರಿಸಿದ. ಸೇಂಟ್ ಥಾಮಸ್ ಆಸ್ಪತ್ರೆಯ ಬದಿಯಲ್ಲಿ, ಥೇಮ್ಸ್ ನದಿಯ ದಂಡೆ ಹಿಡಿದು ನಡೆದೆವು. ಪಾರ್ಲಿಮೆಂಟು ಆಚೆ ದಡದಲ್ಲಿ ಉದ್ದಕ್ಕೂ ಕಾಣ್ತಾ ಇತ್ತು. (ಆ ದಂಡೆಯ ಗೋಡೆ ಮೇಲೆ ಈಗ ಕೋವಿಡ್‌ನಲ್ಲಿ ತೀರಿಕೊಂಡವರಿಗೆ ಒಂದೊಂದರಂತೆ ಕೆಂಪು ಹೃದಯ ಬರೆದಿದ್ದಾರೆ. ನೀನೂ ನರ್ಸ್. ಒಬ್ಬಳೇ ಹೋಗಬೇಡ, ಯಾರನ್ನಾದರೂ ಕರ್ಕೊಂಡು ಹೋಗು.) ಮಾತಾಡ್ತಾ ಲ್ಯಾಂಬೆತ್ ಸೇತುವೆಯನ್ನೂ ದಾಟಿಬಿಟ್ಟಿದ್ದೆವು. ಬುತ್ತಿ ಬಿಚ್ಚೋಕೆ ಬೆಂಚು ಹುಡುಕ್ತಾ ಇದ್ದಾಗ ಲವೀನಾ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಏಯ್, ಇದು ನಮ್ಮ ಬಸವಣ್ಣ ಅಲ್ವನೇ?"

ಬಸವಣ್ಣನೇ. ಹಿಂದಿನ ವರ್ಷ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದ ಪ್ರತಿಮೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಕಡೆಯ ನೀರಜ್ ಪಾಟೀಲರು ಮುಂದೆ ನಿಂತು ಮಾಡಿಸಿದ್ದು. ಟಿವಿಯಲ್ಲಿ ನೋಡಿದ್ದರೂ ನನಗೆ ಮರೆತೇ ಹೋಗಿತ್ತು. ಹುಡುಕಿಕೊಂಡು ಹೋಗಿದ್ದರೆ ಒಂದು ಫೋಟೊ ಹೊಡೆದು ಬರ್ತಿದ್ದೆನೋ ಏನೋ. ಎದುರಿಗೇ ಸಿಕ್ಕಿದಾಗ ಊರಿನ ಹಿರಿಯರು ರಸ್ತೆಯಲ್ಲಿ ಸಿಕ್ಕಿದ ಹಾಗಾಯಿತು, ಚಪ್ಪಲಿ ಬಿಡಬೇಕು ಅಂತ ಕಾಲು ತಾನಾಗಿ ಹಿಂದೆ ಸರಿಯಿತು. ಅಲ್ಲೇ ಹತ್ತಿರ ಕೂತು ರೊಟ್ಟಿ ತಿಂದೆವು. ಗಂಟೆ ಹನ್ನೆರಡೂ ಆಗಿರಲಿಲ್ಲ.

ಅಬ್ಬೆಯನ್ನು ಹೊರಗಿನಿಂದಲೇ ನೋಡಿ, ಮ್ಯೂಸಿಯಮ್ಮಿಗಾದರೂ ಹೋಗೋಣ ಅಂತ ಡಿಸ್ಟ್ರಿಕ್ಟ್ ಲೈನಿನ ರೈಲು ಹತ್ತಿದೆವು. ಇಳಿಯಬೇಕಾದದ್ದು ಸೌತ್ ಕೆನ್ಸಿಂಗ್‌ಟನ್. ಲವೀನಾ ತನ್ನ ತಂಗಿಯ ಮದುವೆ ಮುರಿದುಬಿದ್ದ ಕತೆ ಹೇಳ್ತಾ ಇದ್ದಳು, ಅಷ್ಟು ದಿನ ಯಾರ ಹತ್ತಿರವೂ ಹೇಳಿರಲಿಲ್ಲ. ನಾನು ಸ್ಟೇಷನ್ ನೋಡಲಿಲ್ಲ. ಅರ್ಲ್ಸ್ ಕೋರ್ಟ್ ದಾಟಿ ರೈಲು ವಿಂಬಲ್ಡನ್ ಕಡೆಗೆ ತಿರುಗಿಬಿಟ್ಟಿತ್ತು. ಗಾಬರಿಯಲ್ಲಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದೆವು. ಬೋರ್ಡು ನೋಡಿದರೆ ವೆಸ್ಟ್ ಬ್ರಾಂಪ್ಟನ್.

ಹಿಂದಕ್ಕೆ ಹೋಗುವ ರೈಲು ಹಿಡಿಯಬಹುದಿತ್ತು. ಆದರೆ ಅವಳ ಕಣ್ಣು ತುಂಬಿತ್ತು. ಸ್ವಲ್ಪ ಗಾಳಿಗೆ ಹೋಗೋಣ ಅಂತ ಹೊರಗೆ ಬಂದೆವು. ನಾಲ್ಕು ಹೆಜ್ಜೆ ನಡೆದರೆ ದೊಡ್ಡದೊಂದು ಕಮಾನು ಬಾಗಿಲು, ಒಳಗೆ ಸಾಲುಮರ. ಪಾರ್ಕು ಅಂದುಕೊಂಡು ಹೋದೆವು. ಅದು ಬ್ರಾಂಪ್ಟನ್ ಸ್ಮಶಾನ, 1840ರಿಂದ ಇರೋದು. ಅಲ್ಲಿ ಜನ ನಾಯಿ ಕರ್ಕೊಂಡು ಓಡಾಡ್ತಾರೆ, ಬೆಂಚಿನ ಮೇಲೆ ಕೂತು ಪುಸ್ತಕ ಓದ್ತಾರೆ. ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ಹೋರಾಡಿದ ಎಮಿಲೀನ್ ಪ್ಯಾಂಕ್‌ಹರ್ಸ್ಟ್ ಅವರ ಸಮಾಧಿಯೂ ಅಲ್ಲೇ ಇದೆ.

ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ಮಾತಾಡಿಸಿದರು. ಎಲ್ಲಿಂದ ಬಂದವರು? ಇಂಡಿಯಾ. ಇಂಡಿಯಾದಲ್ಲಿ ಎಲ್ಲಿ? ಅಲ್ಲಿಯವರಿಗೆ ಮಡಿಕೇರಿ ಅಂದರೆ ಗೊತ್ತಾಗಲ್ಲ ಅಂತ 'ಕೂರ್ಗ್' ಅಂದೆ. ಅವರು ಕೈಯಲ್ಲಿದ್ದ ಪುಸ್ತಕ ಮುಚ್ಚಿ ಎದ್ದು ನಿಂತರು. "ನಿಮ್ಮ ರಾಜಕುಮಾರಿ ಇಲ್ಲಿದ್ದಾಳೆ, ಬನ್ನಿ," ಅಂದರು.

ಗೌರಮ್ಮ. ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ಮಗಳು. ಮಡಿಕೇರಿಯಲ್ಲಿ ಹುಟ್ಟಿ ಬೆಳೆದ ನನಗೆ ಕೊನೆಯ ದೊರೆಯ ಕತೆ ಗೊತ್ತಿತ್ತು. 1834ರಲ್ಲಿ ಬ್ರಿಟಿಷರು ಅವನನ್ನು ಪಟ್ಟದಿಂದ ಇಳಿಸಿದ್ದು, ಕಾಶಿಗೆ ಕಳಿಸಿದ್ದು, ಅಷ್ಟರವರೆಗೆ ಶಾಲೆಯಲ್ಲಿ ಕೇಳಿದ್ದೆ. ಆಮೇಲಿನದು ನನ್ನ ತಲೆಯಲ್ಲಿ ಮಸುಕಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಹತ್ತಿರ ಸಿಕ್ಕಿಕೊಂಡಿದ್ದ ತನ್ನ ಹಣಕ್ಕೆ ನ್ಯಾಯ ಕೇಳೋಕೆ ಅವನು 1852ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದ. ಜೊತೆಗೆ ಹನ್ನೊಂದು ವರ್ಷದ ಈ ಮಗಳು. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು. ರಾಣಿ ವಿಕ್ಟೋರಿಯಾ ತಾನೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನೇ ಇಟ್ಟಳು, ವಿಕ್ಟೋರಿಯಾ ಗೌರಮ್ಮ. ಅಪ್ಪ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅವಳು ಕ್ಯಾಂಬೆಲ್ ಎಂಬ ಸೇನಾಧಿಕಾರಿಯನ್ನು ಮದುವೆಯಾಗಿ, ಒಂದು ಹೆಣ್ಣುಮಗು ಹೆತ್ತು, 1864ರಲ್ಲಿ ಸತ್ತಳು. ಇಪ್ಪತ್ತಮೂರು ತುಂಬಿರಲಿಲ್ಲ.

ಕಲ್ಲಿನ ಮೇಲೆ ಒದ್ದೆ ಎಲೆಯೊಂದು ಅಂಟಿಕೊಂಡಿತ್ತು. ಅದನ್ನು ತೆಗೆದೆ. ಅಕ್ಷರಗಳ ನಡುವೆ ಕೂರ್ಗ್ ಅನ್ನೋ ಹೆಸರು ಓದೋಕೆ ಸಿಕ್ಕಿತು. ಅದರ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಲವೀನಾ ಶಿಲುಬೆ ಗುರುತು ಮಾಡಿಕೊಂಡು ಪ್ರಾರ್ಥನೆ ಹೇಳಿದಳು. ನನಗೆ ಏನು ಹೇಳಬೇಕೋ ತೋಚಲಿಲ್ಲ. "ನಾನು ಮಡಿಕೇರಿಯಿಂದ ಬಂದಿದ್ದೀನಿ," ಅಂತ ಕನ್ನಡದಲ್ಲೇ, ಸ್ವಲ್ಪ ಗಟ್ಟಿಯಾಗೇ ಹೇಳಿದೆ. ಆ ಮಾತು ಅವಳ ಕಿವಿಗೆ ಬಿದ್ದು ಎಷ್ಟು ವರ್ಷ ಆಗಿತ್ತೋ ಅಂತ ಆಗ ಅನ್ನಿಸಿತು. ಅತ್ತುಬಿಟ್ಟೆ.

ಗೌರಮ್ಮನ ಮನೆತನದವರು, ಹಾಲೇರಿಯ ಅರಸರು, ಲಿಂಗಾಯತರು. ಬೆಳಿಗ್ಗೆ ನಾವು ರೊಟ್ಟಿ ತಿಂದ ಜಾಗದಲ್ಲಿ ಬಸವಣ್ಣ, ಅಲ್ಲಿಂದ ಐದು ಕಿಲೋಮೀಟರ್ ಆಚೆ ಈ ಹುಡುಗಿ. ರೈಲಿನಲ್ಲಿ ಮನೆಗೆ ಹೋಗುವಾಗ ಇಬ್ಬರೂ ಮಾತಾಡಲಿಲ್ಲ. ಆದರೆ ಆರು ತಿಂಗಳಿಂದ ಗಂಟಲಲ್ಲಿ ಕೂತಿದ್ದ ಒಂದು ಉಂಡೆ ಅವತ್ತು ಇಳಿದಿತ್ತು. ಬೇರೆಯವರ ಮನೆಗೆ ಬಂದು ಕೂತಿದ್ದೀನಿ ಅನ್ನೋ ಸಂಕೋಚ ಆಮೇಲೆ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಆ ಊರಿನ ಮಣ್ಣಿನಲ್ಲಿ ನಮ್ಮೂರಿನ ಒಂದು ಹುಡುಗಿ ಇದ್ದಾಳೆ ಅಂತ ಗೊತ್ತಾಗಿತ್ತು. ಮ್ಯೂಸಿಯಂ ನೋಡಿದ್ದು ಎರಡು ವರ್ಷ ಕಳೆದ ಮೇಲೆ.

ಇದರ ಉಳಿದ ಭಾಗ ನಡೆದದ್ದು ಇಲ್ಲಿ, ಮಡಿಕೇರಿಯಲ್ಲಿ. ಮರುವರ್ಷದ ಮಳೆಗಾಲಕ್ಕೆ ಲವೀನಾ ನನ್ನ ಜೊತೆ ನಮ್ಮ ಮನೆಗೆ ಬಂದಳು. ಮತ್ತೆ ಅವಳ ಚೀಟಿ: ರಾಜಾಸೀಟು, ಅಬ್ಬಿ ಜಲಪಾತ, ಕೋಟೆ. ರಾಜಾಸೀಟಿನಲ್ಲಿ ಮಂಜು ಎಷ್ಟಿತ್ತೆಂದರೆ ಕಂಬಿ ಹಿಡಿದು ನಿಂತ ನಮ್ಮ ಕೈಯೇ ನಮಗೆ ಮಸುಕಾಗಿತ್ತು. ಅಬ್ಬಿ ಕಡೆ ಹೊರಟರೆ ಬರೆ ಕುಸಿದು ರಸ್ತೆಗೆ ಬಂದಿದೆ, ಹೋಗೋಕಾಗಲ್ಲ ಅಂದ ಆಟೋದವನು. ಸುಮ್ಮನೆ ಯಾಕೆ ವಾಪಸ್ಸು ಹೋಗ್ತೀರಿ, ರಾಜರ ಸಮಾಧಿ ಇರೋ ಗದ್ದಿಗೆಗೆ ಬಿಡ್ತೀನಿ ಅಂತ ಅವನೇ ತಿರುಗಿಸಿದ.

ನಮ್ಮ ಮನೆ ಮಹದೇವಪೇಟೆಯಲ್ಲಿ. ಗದ್ದಿಗೆಗೆ ನಡೆದೇ ಹೋಗಬಹುದು. ಶಾಲೆಯಲ್ಲಿದ್ದಾಗ ಆ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದ್ದೀನಿ, ಒಳಗಿರೋದು ಯಾರು ಅಂತ ಒಂದು ದಿನ ಕೇಳಿದವಳಲ್ಲ. ಅವತ್ತು ಕೊಡೆ ಹಿಡಿದು ನಿಂತು ನೋಡಿದೆ. ಗುಮ್ಮಟ, ಮೂಲೆಗಳಲ್ಲಿ ಮಿನಾರು, ಮಸೀದಿಯ ಹಾಗೆ ಕಾಣೋ ಕಟ್ಟಡದ ಮೇಲೆ ನಂದಿ. ಒಂದರಲ್ಲಿ ದೊಡ್ಡವೀರರಾಜೇಂದ್ರ, 1809ರಲ್ಲಿ ತೀರಿಕೊಂಡವನು. ಪಕ್ಕದ್ದರಲ್ಲಿ ಅವನ ತಮ್ಮ ಲಿಂಗರಾಜೇಂದ್ರ. ಅದನ್ನು 1820ರಲ್ಲಿ ಅಪ್ಪನಿಗೆ ಅಂತ ಕಟ್ಟಿಸಿದ್ದು ಮಗ ಚಿಕ್ಕವೀರರಾಜೇಂದ್ರ. ಕಟ್ಟಿಸಿದವನಿಗೆ ಇಲ್ಲಿ ಜಾಗ ಸಿಗಲಿಲ್ಲ, ಅವನ ಮಗಳಿಗೂ ಇಲ್ಲ.

ಲವೀನಾ ಮೆಲ್ಲಗೆ ಕೇಳಿದಳು, "ಅಲ್ಲಿರೋದು ಇವರ ಮೊಮ್ಮಗಳಾ?" ಹೌದು ಅಂದೆ. ಅವಳು ಒದ್ದೆ ಮೆಟ್ಟಿಲಿನ ಮೇಲೆ ಬಿದ್ದಿದ್ದ ಒಂದು ಎಲೆ ಎತ್ತಿ ಪರ್ಸಿನಲ್ಲಿಟ್ಟುಕೊಂಡಳು. ಲಂಡನ್ನಿಗೆ ಹೋದ ಮೇಲೆ ನಾನು ಮರೆತೇಬಿಟ್ಟಿದ್ದೆ, ಅವಳು ಮರೆಯಲಿಲ್ಲ. ಒಂದು ಭಾನುವಾರ ಒಬ್ಬಳೇ ಬ್ರಾಂಪ್ಟನ್ನಿಗೆ ಹೋಗಿ ಆ ಒಣಗಿದ ಎಲೆಯನ್ನು ಗೌರಮ್ಮನ ಕಲ್ಲಿನ ಮೇಲಿಟ್ಟು ಬಂದಿದ್ದಳು. ಬಂಟ್ವಾಳದ ಹುಡುಗಿ! ನನ್ನೂರನ್ನು ನನಗಿಂತ ಚೆನ್ನಾಗಿ ನೋಡಿದವಳು ಅವಳು.

ಗೌರಮ್ಮನನ್ನು ನೆನೆಸಿಕೊಂಡಾಗಲೆಲ್ಲ ನನಗೆ ಒಂದೇ ಸಂಕಟ. ಅವಳಿಗೆ ಯಾರೂ ಏನೂ ಕೇಳಲಿಲ್ಲ. ಯಾವ ಮತ, ಯಾವ ಹೆಸರು, ಯಾರ ಮನೆ, ಎಲ್ಲ ದೊಡ್ಡವರೇ ನಿರ್ಧಾರ ಮಾಡಿದರು. ಮಾತಾಡೋಕೆ ಲವೀನಾಳಂಥವಳು ಒಬ್ಬಳಿದ್ದಳೋ ಇಲ್ಲವೋ. ನೀನು ಹಾಗಲ್ಲ, ನೀನೇ ಅರ್ಜಿ ಹಾಕಿ, ಪರೀಕ್ಷೆ ಬರೆದು ಬಂದವಳು. ವಾರ್ಡಿನಲ್ಲಿ ಒಬ್ಬರನ್ನಾದರೂ ಗೆಳತಿ ಮಾಡಿಕೊ, ಕನ್ನಡದವಳೇ ಆಗಬೇಕು ಅಂತಿಲ್ಲ. ತಿಂಗಳಿಗೆ ಒಂದು ರಜೆ ಅವಳ ಜೊತೆ ಹೊರಡು. ಚೀಟಿ ಬರೆದುಕೊಳ್ಳಿ, ಬಸ್ಸು ದಾರಿ ಬದಲಾಯಿಸಿದರೆ ಮಾತ್ರ ಬೇಜಾರು ಮಾಡ್ಕೊಬೇಡಿ. ಫೋನ್ ಚಾರ್ಜ್ ಇಟ್ಟುಕೊ, ಕಡೇ ರೈಲು ಎಷ್ಟಕ್ಕೆ ಅಂತ ನೋಡಿಟ್ಟುಕೊ, ಅಷ್ಟು ಎಚ್ಚರ ಸಾಕು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತೆ. ಮೊದಲ ಚಳಿಗಾಲ ಎಲ್ಲರನ್ನೂ ಕುಗ್ಗಿಸುತ್ತೆ, ನನ್ನನ್ನೂ ಕುಗ್ಗಿಸಿತ್ತು. ಅದಕ್ಕೆ ಮುಂಚೆಯೇ, ಬೆಳಕಿರುವಾಗಲೇ ಓಡಾಡಿಬಿಡು.

ನಾನು ಆಗಸ್ಟ್ ಎರಡನೇ ವಾರ ಹಿಂದಿರುಗ್ತೀನಿ. ಅದರ ಮರು ಶನಿವಾರ ನಿನಗೆ ರಜೆ ಸಿಗುತ್ತಾ ನೋಡು. ಬೆಳಿಗ್ಗೆ ಹತ್ತಕ್ಕೆ ವೆಸ್ಟ್ ಬ್ರಾಂಪ್ಟನ್ ಸ್ಟೇಷನ್ನಿನ ಹೊರಗೆ ನಿಂತಿರು, ಲವೀನಾಳೂ ಬರ್ತಾಳೆ. ನಿನ್ನ ವಿಷಯ ಹೇಳಿದ್ದಕ್ಕೆ ಅವ್ವ ಈಗಲೇ ಇನ್ನೊಂದು ಬಾಟಲಿಗೆ ಕಣಿಲೆ ಉಪ್ಪಿನಕಾಯಿ ತುಂಬಿಸಿಟ್ಟಿದ್ದಾಳೆ. ಸೋಮವಾರಪೇಟೆ ಹುಡುಗಿಗೆ ಖಾರ ಜಾಸ್ತಿ ಬೇಕಾ, ಕಡಿಮೆ ಸಾಕಾ ಅಂತ ಕೇಳ್ತಾ ಇದ್ದಾಳೆ, ಬರೆದು ತಿಳಿಸು.