ಮೊಹಾಂತಿ ವಾದಕ್ಕೆ ಬೆಟಗೇರಿಯ ಉದಾಹರಣೆ

ಸ್ತ್ರೀವಾದಿ ಚಿಂತಕಿ ಚಂದ್ರಾ ತಲ್ಪಡೆ ಮೊಹಾಂತಿ ಅವರ ವಾದಕ್ಕೆ ನಮ್ಮ ಧಾರವಾಡ ಕಡೆಯ ಉದಾಹರಣೆ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತೆ, ಗದಗಿನ ಬಸ್ ಹತ್ತಿ.

'ಅಂಡರ್ ವೆಸ್ಟರ್ನ್ ಐಸ್' ಎಂಬ 1984ರ ಲೇಖನದಲ್ಲಿ ಅವರ ತಕರಾರು ಇಷ್ಟೇ: ಪಶ್ಚಿಮದ ಕೆಲವು ಸ್ತ್ರೀವಾದಿಗಳು ನಮ್ಮಂಥ ದೇಶಗಳ ಹೆಂಗಸರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಿ, ಪಾಪ ಅಬಲೆಯರು ಅಂದುಬಿಡುತ್ತಾರೆ. ಅದರಲ್ಲೇ ಅವರು ಮೆಚ್ಚಿದ್ದು ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರ ನರಸಾಪುರ ಅಧ್ಯಯನವನ್ನು, ಯಾಕಂದ್ರೆ ಅದು ಒಂದು ಊರಿನ ಹೆಂಗಸರ ಬದುಕನ್ನೇ ಹತ್ತಿರದಿಂದ ನೋಡಿತ್ತು. ಆಂಧ್ರದ ಆ ಹೆಂಗಸರು ಹೆಣೆದ ಲೇಸ್ ವಿದೇಶಕ್ಕೆ ಹೋಗುತ್ತಿತ್ತು. ಆದರೂ ಜನರ ಲೆಕ್ಕದಲ್ಲಿ ಅದು 'ಬಿಡುವಿನ ಕೆಲಸ', ಅವರು ಬರೀ ಗೃಹಿಣಿಯರು!

ಹಾಗೇ, ಗದಗಿಗೆ ಅಂಟಿಕೊಂಡ ಬೆಟಗೇರಿಯ ಮಗ್ಗದ ಮನೆಯಲ್ಲಿ ನೇಯಲು ಕಂಡಿಕೆಗೆ (ಲಾಳಿಯೊಳಗಿನ ಕಡ್ಡಿಗೆ) ನೂಲು ಸುತ್ತುವ ಅವ್ವನನ್ನು ಕೇಳಿ ನೋಡಿ. 'ನಾ ಏನ್ ಕೆಲಸಾ ಮಾಡ್ತೇನ್ರೀ, ಮನ್ಯಾಗ ಇರ್ತೇನಿ' ಅಂತಾರೆ. ನಮ್ಮತ್ತೆಯೂ ಹೀಗೇ ಹೇಳುತ್ತಿದ್ದರು.

ವರ್ಣಭೇದ, ವಲಸೆಯ ವಿಷಯ ಬೇಕಿದ್ದರೆ ಆಮೇಲೆ ಮೊಹಾಂತಿ ಅವರ 2003ರ ಪುಸ್ತಕ 'ಫೆಮಿನಿಸಂ ವಿದೌಟ್ ಬಾರ್ಡರ್ಸ್' ಹಿಡಿಯಿರಿ. ಅಮೆರಿಕಕ್ಕೆ ಹೋಗಿ ನೆಲೆಸಿದ ತಮ್ಮ ಅನುಭವವನ್ನೂ ಅಲ್ಲಿ ಬರೆದಿದ್ದಾರೆ.