ಫೇರ್ ಕ್ಯಾಚ್ ಕಿಕ್ ನಿಯಮದ ಬಗ್ಗೆ
ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಗಳು ದೂರ ನಿಂತು ನೋಡುತ್ತಿರುವಾಗಲೇ ಚಾರ್ಜರ್ಸ್ ತಂಡ ಫೀಲ್ಡ್ ಗೋಲು (ಚೆಂಡನ್ನು ಗೋಲುಕಂಬಗಳ ನಡುವೆ ಒದ್ದು ಅಂಕ ಗಳಿಸುವುದು) ಹೊಡೆದದ್ದು ಹೇಗೆ ನಿಯಮಬದ್ಧವೆಂದು ತಾವು ಕೇಳಿದ್ದೀರಿ. ಎದುರಾಳಿಯ ಪಂಟನ್ನು (ಕೈಯಿಂದ ಬಿಟ್ಟು ದೂರಕ್ಕೆ ಒದ್ದ ಚೆಂಡನ್ನು) ಕೈಯೆತ್ತಿ ಸಂಜ್ಞೆ ಮಾಡಿ, ಓಡದೆ ಹಿಡಿದ (ಇದೇ ಫೇರ್ ಕ್ಯಾಚ್) ತಂಡವು ಅದೇ ಜಾಗದಿಂದ ಮೂರು ಅಂಕಗಳಿಗಾಗಿ ಒದೆಯಲು ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ನಿಯಮಾವಳಿ ಅವಕಾಶ ಕೊಡುತ್ತದೆ. ಚೆಂಡನ್ನು ನಿಲ್ಲಿಸುವ ಟೀ ಎಂಬ ಆಸರೆ ಬಳಸುವಂತಿಲ್ಲ, ಆದರೆ ಎದುರಾಳಿಗಳು 10 ಗಜ ಆಚೆ ನಿಲ್ಲಬೇಕಾದ್ದರಿಂದ ಚೆಂಡಿಗೆ ಅಡ್ಡಬೀಳುವ ಭಯ ಕಡಿಮೆ, ಸ್ನ್ಯಾಪ್ (ಆಟ ಶುರುಮಾಡಲು ಚೆಂಡನ್ನು ಹಿಂದಕ್ಕೆ ಕೊಡುವುದು) ಇಲ್ಲದ್ದರಿಂದ ಎಂದಿನಂತೆ ಏಳೆಂಟು ಗಜ ಹಿಂದೆ ಸರಿಯಬೇಕಾಗಿಯೂ ಇಲ್ಲ. ಗಡಿಯಾರ ಶೂನ್ಯಕ್ಕೆ ಬಂದಿದ್ದರೂ ಒದೆಯಬಹುದೆಂಬುದೇ ಇದರ ನಿಜವಾದ ಬೆಲೆ; ಸಮಯ ಸಾಕಷ್ಟಿದ್ದರೆ ಚೆಂಡನ್ನು ಮುಂದೊಯ್ಯುವುದೇ ಜಾಣತನ. 2024ರ ಡಿಸೆಂಬರ್ 19ರಂದು ಡೆನ್ವರ್ ತಂಡದ ವಿರುದ್ಧ ಮೊದಲಾರ್ಧದ ಕೊನೆಯಲ್ಲಿ ಚಾರ್ಜರ್ಸ್‌ನ ಕ್ಯಾಮರಾನ್ ಡಿಕರ್ 57 ಗಜ ದೂರದಿಂದ ಗಳಿಸಿದ್ದು 1976ರ ನಂತರ ಇಂಥ ಮೊದಲ ಯಶಸ್ಸು. ಹಿಡಿಯುವವನಿಗೆ ಅಡ್ಡಿಪಡಿಸಿದ್ದಕ್ಕೆ ಡೆನ್ವರ್ ತೆತ್ತ, ಒದೆಯುವ ಜಾಗವನ್ನು ಮುಂದಕ್ಕೆ ತಂದ 15 ಗಜಗಳ ದಂಡವಿಲ್ಲದಿದ್ದರೆ, ಆ ಪ್ರಯತ್ನವೇ ನಡೆಯುತ್ತಿರಲಿಲ್ಲವೆಂದು ನನ್ನ ಅನಿಸಿಕೆ.